ಎರಿ ಹೊಲದ ಜಮಾ-ಖರ್ಚು

ಹುಬ್ಬಳ್ಳಿ ಬಿಟ್ಟು ವಿಜಯಪುರದ ರಸ್ತೆ ಹಿಡಿದರೆ ನವಲಗುಂದ ಮುಟ್ಟುವಷ್ಟರಲ್ಲಿ ನೆಲ ಪೂರಾ ಸಪಾಟಾಗಿರುತ್ತದೆ. ನವಲಗುಂದದ ಗುಡ್ಡ ಒಂದು, ನರಗುಂದದ ಗುಡ್ಡ ಇನ್ನೊಂದು. ಇವೆರಡನ್ನು ಬಿಟ್ಟರೆ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಒಡ್ಡಿನ ಮೇಲೊಂದು ಜಾಲಿ, ಗುಡಿಯ ಮುಂದೊಂದು ಬೇವು, ಊರ ಹೊರಗೊಂದು ಬನ್ನಿ. ಉಳಿದದ್ದೆಲ್ಲ ಎರಿ, ಅಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಬಂದವರಿಗೆ ಇದು ಸುಟ್ಟುಹೋದ ಬಯಲು, ಡಿಸೆಂಬರಿನಲ್ಲಿ ಬಂದವರಿಗೆ ಎಲ್ಲೂ ಕೊನೆಯಿಲ್ಲದ ಕಡಲೆ ಹೊಲ.

ನಾನು ಬೆಳೆದದ್ದು ನರಗುಂದಕ್ಕೂ ರೋಣಕ್ಕೂ ನಡುವಿನ ಒಂದು ಹಳ್ಳಿಯಲ್ಲಿ, 1960ರ ದಶಕದಲ್ಲಿ. ನಮ್ಮ ಊರಿನಲ್ಲಿ ಹೊಲಕ್ಕೆ ಮೂರೇ ಜಾತಿ. ತಗ್ಗಿನಲ್ಲಿರುವುದು ಎರಿ, ಕೆಂಪಗಿರುವುದು ಮಸಾರಿ, ಕಲ್ಲು ಗರಸು ತುಂಬಿದ ಏರು ನೆಲ ಮಡ್ಡಿ. ಹೆಣ್ಣು ಕೊಡುವವರು ಮೊದಲು ಕೇಳುತ್ತಿದ್ದದ್ದು, 'ಎರಿ ಎಷ್ಟು ಐತ್ರಿ?' ಅಂತ. ಎಕರೆ ಲೆಕ್ಕ ಆಮೇಲೆ.

ಈ ಮಣ್ಣಿನ ಬಗ್ಗೆ ಹೊರಗಿನವರಿಗೆ ಇರುವ ದೊಡ್ಡ ತಪ್ಪು ತಿಳಿವಳಿಕೆ ಅದರ ಬಣ್ಣದ್ದು. ಕರಿ ಎಂದರೆ ಗೊಬ್ಬರ ತುಂಬಿದೆ, ಸಾರ ತುಂಬಿದೆ ಎಂದುಕೊಳ್ಳುತ್ತಾರೆ. ಹಾಗಿಲ್ಲ. ನಮ್ಮ ಸೀಮೆಯ ಬಹುಪಾಲು ಎರಿಯಲ್ಲಿ ಸಾವಯವ ಇಂಗಾಲ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಅರ್ಧ ಪಾಲಿಗಿಂತ ಕಡಿಮೆ ಇರುವ ಹೊಲಗಳೇ ಹೆಚ್ಚು. ಇರುವ ಅಲ್ಪ ಸಾವಯವ ಅಂಶ ಜೇಡಿಯ ಕಣಗಳಿಗೆ ಬಿಗಿಯಾಗಿ ಅಂಟಿಕೊಂಡು ಅಷ್ಟು ಕಪ್ಪು ಕಾಣಿಸುತ್ತದೆ. ಸಾರಜನಕ ಕಡಿಮೆ. ರಂಜಕ ಹಾಕಿದರೂ ಮಣ್ಣಿನ ಸುಣ್ಣ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಸತುವಿನ ಕೊರತೆ ಸಾಮಾನ್ಯ. ಧಾರಾಳವಾಗಿರುವುದು ಪೊಟ್ಯಾಷ್, ಸುಣ್ಣ, ಮೆಗ್ನೀಷಿಯಂ. ರಸಸಾರ 8ರ ಮೇಲೆಯೇ. ಪ್ರಯೋಗಾಲಯದ ಚೀಟಿ ನೋಡಿದರೆ ಇದು ಸಿರಿವಂತ ಮಣ್ಣಲ್ಲ.

ಇದರ ಆಸ್ತಿ ಜೇಡಿ. ಮಣ್ಣಿನ ಅರ್ಧಕ್ಕಿಂತ ಹೆಚ್ಚು ಪಾಲು ಅತಿ ನುಣುಪಾದ ಜೇಡಿ, ಅದರಲ್ಲೂ ಸ್ಮೆಕ್ಟೈಟ್ ಜಾತಿಯದು. ಇದರ ಕಣಗಳು ಹಾಳೆ ಹಾಳೆಯಾಗಿದ್ದು, ನೀರು ಹಾಳೆಗಳ ನಡುವೆಯೇ ನುಗ್ಗುತ್ತದೆ. ನೀರು ಹೊಕ್ಕಾಗ ಮಣ್ಣು ಉಬ್ಬುತ್ತದೆ, ಹೋದಾಗ ಕುಗ್ಗುತ್ತದೆ. ಈ ಮಣ್ಣಿನ ಒಳ್ಳೆಯದು ಕೆಟ್ಟದ್ದು ಎರಡೂ ಈ ಉಬ್ಬು-ಕುಗ್ಗಿನಿಂದಲೇ ಹುಟ್ಟಿದ್ದು. ಮಣ್ಣುಶಾಸ್ತ್ರದವರು ಇದನ್ನು ವರ್ಟಿಸಾಲ್ ವರ್ಗಕ್ಕೆ ಸೇರಿಸುತ್ತಾರೆ. ದೇಶದಲ್ಲಿ ಇದೂ ಇದರ ಒಡಹುಟ್ಟಿದ ಕಪ್ಪು ಮಣ್ಣುಗಳೂ ಸೇರಿ ಸುಮಾರು ಏಳು ಕೋಟಿ ಹೆಕ್ಟೇರ್ ಹರಡಿವೆ.

ವಿಜಯಪುರ, ಕಲಬುರಗಿ ಕಡೆಯ ಎರಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ ಬಂಡೆ ಸವೆದು ಆದದ್ದು. ಆ ಬಂಡೆಯ ಹಾಸು ಮುಗಿದ ಮೇಲೂ ದಕ್ಷಿಣಕ್ಕೆ ಎರಿ ಮುಂದುವರಿಯುತ್ತದೆ. ಗದಗ, ಧಾರವಾಡದ ಕಡೆ ಅದು ಹಳೆಯ ಶಿಸ್ಟ್ ಬಂಡೆ ಸವೆದು, ಹಳ್ಳಗಳು ತಂದು ಸುರಿದ ಮೆಕ್ಕಲು ಕೂತು ಆದದ್ದು. ಬಂಡೆ ಯಾವುದೇ ಇರಲಿ, ಎರಿ ಆಗಬೇಕಾದರೆ ಎರಡು ಸಂಗತಿ ಕೂಡಿಬರಬೇಕು: ನೆಲ ಸಪಾಟಿರಬೇಕು, ಮಳೆ ಕಡಿಮೆ ಇರಬೇಕು. ಜೋರು ಮಳೆಯ ನಾಡಿನಲ್ಲಿ ಸುಣ್ಣ, ಮೆಗ್ನೀಷಿಯಂ ಎಲ್ಲ ತೊಳೆದುಹೋಗುತ್ತವೆ. ಇಲ್ಲಿ ತೊಳೆದುಹೋಗುವಷ್ಟು ಮಳೆಯಿಲ್ಲ, ಹರಿದುಹೋಗುವಷ್ಟು ಇಳಿಜಾರೂ ಇಲ್ಲ. ಹೊಲ ಅಗೆದರೆ ಎರಡು ಮೂರು ಅಡಿ ಕೆಳಗೆ ಸುಣ್ಣದ ಹರಳು ಸಿಗುವುದು ಇದೇ ಕಾರಣಕ್ಕೆ. ಹಿಂದೆ ಹಳ್ಳದ ದಂಡೆಯಲ್ಲಿ ಈ ಹರಳು ಆರಿಸಿ, ಸುಟ್ಟು, ಸುಣ್ಣ ಮಾಡುತ್ತಿದ್ದರು.

ಮಳೆ ಕಡಿಮೆಯಾದದ್ದಕ್ಕೂ ಕಾರಣ ದೂರವಿಲ್ಲ. ಮಲಪ್ರಭಾ ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿ ಘಟ್ಟದ ನೆತ್ತಿಯಲ್ಲಿದೆ. ಮುಂಗಾರಿನ ಮೋಡ ತನ್ನಲ್ಲಿದ್ದದ್ದನ್ನೆಲ್ಲ ಅಲ್ಲಿಯೇ ಸುರಿದುಬಿಡುತ್ತದೆ. ಧಾರವಾಡ ತಲುಪುವಷ್ಟರಲ್ಲಿ ವರ್ಷದ ಮಳೆ 800 ಮಿ.ಮೀ. ಆಸುಪಾಸಿಗೆ ಇಳಿದಿರುತ್ತದೆ. ನಮ್ಮ ಕಡೆ 550ರಿಂದ 650. ಜೂನ್, ಜುಲೈನಲ್ಲಿ ಪಡುವಣ ಗಾಳಿ ರೊಯ್ಯನೆ ಬೀಸುತ್ತದೆ, ಮೋಡ ಓಡುತ್ತವೆ, ಮಳೆ ಮಾತ್ರ ಅಷ್ಟಕ್ಕಷ್ಟೆ. ನಮ್ಮ ಪಾಲಿನ ಮಳೆ ಸೆಪ್ಟೆಂಬರ್, ಅಕ್ಟೋಬರಿನದು: ಉತ್ತರಿ, ಹಸ್ತ, ಚಿತ್ತಿ. ಆ ಮೂರು ಮಳೆ ಕೈಕೊಟ್ಟರೆ ವರ್ಷ ಕೈಕೊಟ್ಟಂತೆ.

ನನ್ನ ಬಾಲ್ಯದ ಬೇಸಿಗೆ ಅಂದರೆ ಬಿರುಕು. ಫೆಬ್ರವರಿಯಲ್ಲಿ ಕೂದಲೆಳೆಯಷ್ಟಿದ್ದದ್ದು ಏಪ್ರಿಲ್ ಹೊತ್ತಿಗೆ ಅಂಗೈ ತೂರುವಷ್ಟು ಅಗಲವಾಗುತ್ತಿತ್ತು. ಜ್ವಾಳದ ದಂಟು ಇಳಿಬಿಟ್ಟರೆ ತಳ ಸಿಗುತ್ತಿರಲಿಲ್ಲ. ಆಡು ಮರಿಗಳ ಕಾಲು ಸಿಕ್ಕಿ ಮುರಿಯುತ್ತಿದ್ದವು. ಹೊಲಕ್ಕೆ ಅಡ್ಡ ದಾರಿಯಲ್ಲಿ ಹೋಗುವಾಗ ಹಾವಿನ ಭಯಕ್ಕೆ ಕೋಲು ತಟ್ಟುತ್ತ ನಡೆಯುತ್ತಿದ್ದೆವು. ಬಾಯ್ದೆರೆದ ಬಿರುಕಿನೊಳಗೆ ಮೇಲಿನ ಪುಡಿ ಮಣ್ಣು ಗಾಳಿಗೆ ಬೀಳುತ್ತದೆ, ಕುಂಟೆ ಹೊಡೆದಾಗ ಬೀಳುತ್ತದೆ, ಮೊದಲ ಮಳೆಗೆ ಬೀಳುತ್ತದೆ. ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಹೀಗೆ ಸಾವಿರಾರು ವರ್ಷ ನಡೆದಿರುವುದರಿಂದ ಎರಿಯನ್ನು ಆಳಕ್ಕೆ ಅಗೆದರೂ ಬಣ್ಣ ಒಂದೇ. ಬೇರೆ ಮಣ್ಣುಗಳಂತೆ ಪದರ ಪದರ ಕಾಣುವುದಿಲ್ಲ. ನೇಗಿಲು ಹೂಡುವ ಮೊದಲೇ ಅರ್ಧ ಉಳುಮೆ ಮಣ್ಣೇ ಮಾಡಿಕೊಂಡಿರುತ್ತದೆ. ಎರಿಗೆ ಪ್ರತಿವರ್ಷ ಆಳದ ನೇಗಿಲು ಬೇಡ ಎಂದು ಅಪ್ಪನ ತಲೆಮಾರಿನವರು ಹೇಳುತ್ತಿದ್ದದ್ದು ಇದನ್ನು ಕಂಡೇ. ಕರಕಿ, ಜೇಕು ಹಬ್ಬಿದಾಗ ಮಾತ್ರ ದೊಡ್ಡ ನೇಗಿಲು; ಉಳಿದ ವರ್ಷ ಕುಂಟೆಯೇ ಸಾಕು.

ಮಳೆ ಬಿದ್ದ ಮೇಲೆ ಇದೇ ನೆಲ ಬೇರೆಯದೇ ಆಗುತ್ತಿತ್ತು. ಕಾಲಿಟ್ಟರೆ ಅಂಟು ಮಣ್ಣು ಕೆರವಿನ ಸಮೇತ ಹಿಡಿದುಕೊಳ್ಳುತ್ತಿತ್ತು. ಹತ್ತು ಹೆಜ್ಜೆ ನಡೆದರೆ ಒಂದೊಂದು ಕಾಲೂ ಮಣಭಾರ. ಚಕ್ಕಡಿ ಗಾಲಿಯ ಅರಗಳ ನಡುವೆ ಮಣ್ಣು ಮೆತ್ತಿ ಗಾಲಿ ತಿರುಗುವುದೇ ನಿಲ್ಲುತ್ತಿತ್ತು. ಗಾಡಿ ಮಧ್ಯದಲ್ಲೇ ಬಿಟ್ಟು ಎತ್ತು ಬಿಚ್ಚಿಕೊಂಡು ಮನೆಗೆ ಬರುವುದೇ ದಾರಿ. ಜೋರು ಮಳೆಯ ವಾರದಲ್ಲಿ ನಮ್ಮ ಊರಿಗೆ ಬಸ್ಸಿಲ್ಲ, ಟಪಾಲಿಲ್ಲ, ಡಾಕ್ಟರಿಲ್ಲ. ಹೆರಿಗೆ ಕಷ್ಟವಾದ ಹೆಂಗಸರನ್ನು ಮಂಚದ ಮೇಲೆ ಹೊತ್ತು ಡಾಂಬರು ರಸ್ತೆಯವರೆಗೆ ಒಯ್ಯುತ್ತಿದ್ದರು. ಎಲ್ಲರೂ ತಲುಪುತ್ತಿರಲಿಲ್ಲ. ಹಳೆಯ ಕಾಲ ಚೆನ್ನಾಗಿತ್ತು ಎನ್ನುವವರು ಆ ಮಂಚ ಹೊತ್ತವರಲ್ಲ.

ಇನ್ನೊಂದು ಸಂಕಟ ಕುಡಿಯುವ ನೀರಿನದು. ಬಾವಿ ತೋಡಿದರೆ ನೀರು ಉಪ್ಪು. ಹೀಗಾಗಿ ಊರಿಗೊಂದು ಸಿಹಿನೀರಿನ ಕೆರೆ, ಅದಕ್ಕೊಬ್ಬ ಕಾವಲುಗಾರ. ಕೆರೆಯಲ್ಲಿ ಕಾಲಿಡುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಬೇಸಿಗೆಯಲ್ಲಿ ಕೆರೆಯ ತಳ ಕಾಣಿಸಿದಾಗ ಅವ್ವಂದಿರು ಬೆಳಗಿನ ಜಾವ ಎದ್ದು ಕೊಡ ಹೊತ್ತು ಪಕ್ಕದ ಊರಿಗೆ ಹೋಗುತ್ತಿದ್ದರು. ಆ ಕೊಡ ಹೆಣ್ಣುಮಕ್ಕಳ ತಲೆಯಿಂದ ಇಳಿದದ್ದು ಕೊಳವೆ ನೀರು ಬಂದ ಮೇಲೆಯೇ.

ಆಗ ಒಕ್ಕಲುತನದ ಲೆಕ್ಕವೆಲ್ಲ ಒಂದೇ ಸಂಗತಿಯ ಸುತ್ತ: ಸೆಪ್ಟೆಂಬರಿನಲ್ಲಿ ಮಣ್ಣಿಗೆ ಎಷ್ಟು ನೀರು ಜಮೆಯಾಯಿತು, ಫೆಬ್ರವರಿವರೆಗೆ ಅದನ್ನು ಹೇಗೆ ಖರ್ಚು ಮಾಡುವುದು. ಒಂದು ಮೀಟರ್ ಆಳದ ಒಳ್ಳೆಯ ಎರಿ ಬೆಳೆಗೆ ದಕ್ಕುವಂಥ ನೀರನ್ನೇ 150ರಿಂದ 200 ಮಿ.ಮೀ. ಹಿಡಿದಿಟ್ಟುಕೊಳ್ಳುತ್ತದೆ. ಮಸಾರಿಗೆ ಅದರ ಅರ್ಧವೂ ಆಗುವುದಿಲ್ಲ. ಆದರೆ ಎರಿಗೆ ಇನ್ನೊಂದು ಗುಣವಿದೆ. ಜೇಡಿ ತನ್ನಲ್ಲಿರುವ ನೀರಿನ ಒಂದು ದೊಡ್ಡ ಪಾಲನ್ನು ಬೇರಿಗೆ ಬಿಡುವುದೇ ಇಲ್ಲ. ಆದ್ದರಿಂದ ಒಣಗಿದ ಎರಿಯ ಮೇಲೆ ಒಂದು ಸಣ್ಣ ಮಳೆ ಬಿದ್ದರೆ ಬಿದ್ದಂತೆಯೇ ಅಲ್ಲ. ಅದೇ ಮಳೆಗೆ ಮಸಾರಿಯಲ್ಲಿ ಹಸಿರು ಮೂಡಿರುತ್ತದೆ. ಎರಿಗೆ ಬೇಕಾದದ್ದು ನೆಲ ತಣಿಯುವ ಮಳೆ. ತಣಿದರೆ ಆಮೇಲೆ ಮೂರೂವರೆ ತಿಂಗಳು ಹನಿ ಬೀಳದಿದ್ದರೂ ಬೆಳೆ ಬರುತ್ತದೆ. ಮಾಲದಂಡಿ ಜ್ವಾಳ ಹೀಗೆಯೇ ಬರುತ್ತದೆ: ಮಂಜು, ಚಳಿ, ಮಣ್ಣಿನೊಳಗಿನ ತೇವ, ಇಷ್ಟೇ ಬಂಡವಾಳ.

ಅದಕ್ಕೆಂದೇ ಮುಂಗಾರಿನಲ್ಲಿ ಎರಿ ಹೊಲವನ್ನು ಖಾಲಿ ಬಿಡುತ್ತಿದ್ದರು. ಖಾಲಿ ಎಂದರೆ ಸುಮ್ಮನೆ ಅಲ್ಲ. ಮಳೆ ಬಂದು ಹೋದಾಗಲೆಲ್ಲ ಕುಂಟೆ. ಕಳೆ ಎದ್ದರೆ ಕುಂಟೆ. ಉತ್ತರಿ ಮಳೆಗೆ ಹದ ಬಂತೆಂದರೆ ಕೂರಿಗೆ. ಆ ಹದ ಎಂಬುದು ಎರಿಯಲ್ಲಿ ಎರಡು ಮೂರು ದಿನದ ಮಾತು. ಒಂದು ದಿನ ಮೊದಲು ಹೋದರೆ ಕೂರಿಗೆಯ ತಾಳಿಗೆ ಕೆಸರು ಮೆತ್ತಿ ಬೀಜ ಇಳಿಯುವುದಿಲ್ಲ; ಎರಡು ದಿನ ತಡವಾದರೆ ಹೆಂಟೆ ಏಳುತ್ತದೆ. ಅಪ್ಪ ಹೊಲದ ನಡುವೆ ಕೂತು ಹಿಡಿ ಮಣ್ಣು ತೆಗೆದು ಉಂಡೆ ಮಾಡಿ ಮೊಣಕಾಲೆತ್ತರದಿಂದ ಕೈಬಿಡುತ್ತಿದ್ದ. ಅಂಟಿಕೊಂಡು ಚಪ್ಪಟೆಯಾದರೆ, 'ನಾಳಿಗೆ ಬ್ಯಾಡ.' ಒಡೆದು ಹರಳಾದರೆ, 'ನಸಿಕಿನ್ಯಾಗ ಎತ್ತು ಹೂಡೂಣು.'

ಬಿತ್ತಿದ ಮೇಲೆ ಎಡೆಕುಂಟೆ. ಇದು ಕಳೆ ತೆಗೆಯುವ ಕೆಲಸವಷ್ಟೇ ಎಂದು ತಿಳಿದರೆ ಎರಿ ಅರ್ಥವಾಗಿಲ್ಲ ಎಂದೇ ಲೆಕ್ಕ. ಡಿಸೆಂಬರಿನಲ್ಲಿ ಬಿರುಕು ಬಿಡಲು ಶುರುವಾದಾಗ ನೆಲದ ಆಳದಲ್ಲಿರುವ ತೇವ ಆ ಸಂದಿಯಿಂದ ಗಾಳಿಗೆ ಹೋಗುತ್ತದೆ, ಜ್ವಾಳದ ಬೇರೂ ಹರಿಯುತ್ತದೆ. ಎಡೆಕುಂಟೆ ಮೇಲಿನ ಎರಡು ಬೆರಳು ಮಣ್ಣನ್ನು ಪುಡಿ ಮಾಡಿ ಬಿರುಕಿನ ಬಾಯಿ ಮುಚ್ಚುತ್ತದೆ. 1930ರ ದಶಕದಲ್ಲಿ ವಿಜಯಪುರ, ಸೊಲ್ಲಾಪುರ, ಹಗರಿ, ರಾಯಚೂರುಗಳಲ್ಲಿ ತೆರೆದ ಒಣಬೇಸಾಯ ಸಂಶೋಧನಾ ಕೇಂದ್ರಗಳು ಒಡ್ಡು, ತಿಪ್ಪೆಗೊಬ್ಬರ, ಅಗಲ ಸಾಲು, ಕಡಿಮೆ ಬೀಜದ ಜೊತೆಗೆ ಮತ್ತೆ ಮತ್ತೆ ಎಡೆ ಹೊಡೆಯಬೇಕೆಂದೂ ಹೇಳಿದವು. ರೈತರು ಕಂಡು ತಿಳಿದದ್ದಕ್ಕೆ ಅಲ್ಲಿ ಅಳತೆ ಸಿಕ್ಕಿತು.

ಜ್ವಾಳದ ಹೊಲದ ಅಂಚಿಗೆ ಮುಳ್ಳಿನ ಕುಸುಬಿ, ನಡುವೆ ಕಡಲೆ ಅಕ್ಕಡಿ. ಬೇರೆ ಹೊಲದಲ್ಲಿ ಜಯಧರ ಹತ್ತಿ; ಎಳೆ ಗಿಡ್ಡ, ದರ ಕಡಿಮೆ, ಆದರೆ ಬೇರು ಆಳಕ್ಕಿಳಿದು ಮಾರ್ಚ್‌ವರೆಗೂ ಕಾಯಿ ಬಿಡುತ್ತಿತ್ತು. ಜ್ವಾಳದ ಕಾಳು ನಮಗೆ, ಕಣಕಿ ದನಕ್ಕೆ, ದನದ ಸಗಣಿ ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ಈ ಸುತ್ತು ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ. ಬೇರೆ ದಾರಿ ಇರಲಿಲ್ಲ, ಹಾಗಾಗಿ ನಡೆಯುತ್ತಿತ್ತು.

ಮನೆಯೊಳಗೂ ಎರಿ ಇತ್ತು. ಮಣ್ಣೆತ್ತಿನ ಅಮವಾಸ್ಯೆಗೆ ಕೆರೆಯ ಅಂಗಳದಿಂದ ತಂದ ಮಣ್ಣಿನಲ್ಲಿ ಎತ್ತು ಮಾಡುತ್ತಿದ್ದೆವು. ಬಿಸಿಲಿಗಿಟ್ಟರೆ ಸೀಳುತ್ತಿತ್ತು. ನೆರಳಿನಲ್ಲಿ ಒಣಗಿಸಬೇಕು, ಮಣ್ಣಿಗೆ ಹತ್ತಿ ಕಲಸಬೇಕು. ಹಿರಿಯರು ಹೇಳುವ ಮೊದಲೇ ಇದು ಮಕ್ಕಳಿಗೆ ಗೊತ್ತಿರುತ್ತಿತ್ತು. ಅವ್ವ ಎರಿ ಮಣ್ಣು ನೆನೆಹಾಕಿ ತಲೆ ತೊಳೆದುಕೊಳ್ಳುತ್ತಿದ್ದಳು. ಜೇಡಿ ಎಣ್ಣೆಯ ಜಿಡ್ಡು ಎಳೆದುಕೊಳ್ಳುತ್ತದೆ. ಪೊಟ್ಟಣದ ಶಾಂಪೂ ಊರಿಗೆ ಬಂದಾಗ ಅದನ್ನು ಮೊದಲು ಕೊಂಡವರಲ್ಲಿ ಅವ್ವನೂ ಒಬ್ಬಳು. ಈಗ ಪೇಟೆಯಲ್ಲಿ ಬಣ್ಣ ಹಚ್ಚಿದ ಎತ್ತಿನ ಜೋಡಿ ಸಿಗುತ್ತದೆ, ಸೀಳುವುದಿಲ್ಲ.

1972ರ ಬರ ಈ ಜಮಾ-ಖರ್ಚಿನ ಇನ್ನೊಂದು ಮುಖ ತೋರಿಸಿತು. ಜಮೆಯೇ ಆಗದಿದ್ದರೆ ಖರ್ಚಿನ ಜಾಣತನ ಕೆಲಸಕ್ಕೆ ಬರುವುದಿಲ್ಲ. ಸೆಪ್ಟೆಂಬರ್ ಒಣಗಿಹೋಯಿತು, ಬಿತ್ತಿದ್ದು ಏಳಲಿಲ್ಲ. ಕಾಳು ತುಂಬಿಡುವ ಹಗೇವು ತಳ ಮುಟ್ಟಿತು. ಊರಿಗೆ ಊರೇ ಕಲ್ಲು ಒಡೆಯುವ ಬರಗಾಲ ಕಾಮಗಾರಿಗೆ ಹೋಯಿತು. ಎತ್ತುಗಳನ್ನು ಸಿಕ್ಕ ಬೆಲೆಗೆ ಸಂತೆಯಲ್ಲಿ ಬಿಟ್ಟುಬಂದರು. ಅಪ್ಪ ಜೀವನದಲ್ಲಿ ಮೊದಲ ಸಲ ಕೂಲಿಗೆ ಹೋದದ್ದು ಆ ವರ್ಷ. ನಮ್ಮವರು ಮಲಪ್ರಭೆಯ ಕಾಲುವೆಗೆ ಅಷ್ಟು ಆಸೆಯಿಂದ ಕಾದದ್ದು ಯಾಕೆಂದು ತಿಳಿಯಬೇಕಾದರೆ ಈ ಬರ ನೆನಪಿರಬೇಕು.

ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದು, 1970ರ ದಶಕದಲ್ಲಿ ಕಾಲುವೆ ನಮ್ಮ ಕಡೆ ಬಂತು. ಬರುವ ದಾರಿಯಲ್ಲೇ ಎರಿ ತನ್ನ ಗುಣ ತೋರಿಸಿತು. ಕೆಳಗಿನ ಎರಿ ಒಂದು ಮಳೆಗಾಲ ಉಬ್ಬಿ, ಒಂದು ಬೇಸಿಗೆ ಕುಗ್ಗಿ, ಕಾಲುವೆಯ ಕಾಂಕ್ರೀಟು ಹಾಸು ಬಿರುಕು ಬಿಡುತ್ತದೆ. ಇದಕ್ಕೆ ಉಪಾಯ ಹುಡುಕಿದವರಲ್ಲಿ ಮುಂಬೈ ಐಐಟಿಯ ಪ್ರೊ. ಆರ್.ಕೆ. ಕಟ್ಟಿ ಪ್ರಮುಖರು. ಎರಿಗೂ ಕಾಂಕ್ರೀಟಿಗೂ ನಡುವೆ ಉಬ್ಬದ, ಆದರೆ ಅಂಟುಗುಣವಿರುವ ಗರಸು ಮಣ್ಣಿನ ದಪ್ಪ ಪದರ ಹಾಕಿ ಗಟ್ಟಿಸಿದರೆ ಕೆಳಗಿನ ಎರಿಯ ಉಬ್ಬು ತಗ್ಗುತ್ತದೆ ಎಂದು ಅವರು ತೋರಿಸಿದರು. ಮಲಪ್ರಭಾ ಬಲದಂಡೆ ಕಾಲುವೆ ಅದರ ಪ್ರಯೋಗ ನಡೆದ ಜಾಗಗಳಲ್ಲಿ ಒಂದು. ಊರವರ ಕಣ್ಣಿಗೆ ಅದು ಎರಿ ಹೊಲಕ್ಕೆ ದೂರದಿಂದ ಮಡ್ಡಿ ಮಣ್ಣು ತಂದು ಸುರಿಯುವ ವಿಚಿತ್ರ ಕೆಲಸವಾಗಿ ಕಂಡಿತ್ತು.

ನೀರಿನ ಜೊತೆ ವರಲಕ್ಷ್ಮಿಯೂ ಬಂದಳು. ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು ರೂಪಿಸಿ 1972ರಲ್ಲಿ ಬಿಡುಗಡೆಯಾದ ಹೈಬ್ರಿಡ್ ಹತ್ತಿ ಅದು. ಉದ್ದ ಎಳೆ, ಕಂಡರಿಯದ ದರ. ಒಂದೆರಡು ವರ್ಷದಲ್ಲಿ ಊರಲ್ಲಿ ಮೋಟಾರು ಸೈಕಲ್ಲು ಓಡಾಡಿದವು, ಮಾಳಿಗೆ ಮನೆಗಳ ನಡುವೆ ಆರ್‌ಸಿಸಿ ಎದ್ದವು. ಆಮೇಲೆ ಔಷಧದ ಖರ್ಚು ಏರಿತು, ಹತ್ತಿಯ ದರ ಬಿತ್ತು, ಮೇಲೆ ಸರ್ಕಾರದ ಅಭಿವೃದ್ಧಿ ಕರ ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು, ರೈತರು ಸತ್ತರು. ಆ ಕಿಚ್ಚಿನಿಂದ ರಾಜ್ಯದ ರೈತ ಚಳವಳಿ ಮೈದಳೆಯಿತು. ಇಂದಿಗೂ ಜುಲೈ 21 ಇಲ್ಲಿ ಹುತಾತ್ಮ ರೈತರ ದಿನ.

ಚಳವಳಿಯ ಭಾಷಣಗಳಲ್ಲಿ ಹೆಚ್ಚು ಕೇಳದ ಒಂದು ಮಾತಿದೆ. ಎರಿಗೆ ಕಾಲುವೆ ನೀರು ಹಾಯಿಸುವುದು ಮಸಾರಿಗೆ ಹಾಯಿಸಿದ ಹಾಗಲ್ಲ. ಒಮ್ಮೆ ಉಬ್ಬಿದ ಎರಿಯೊಳಗೆ ನೀರು ಇಳಿಯುವುದು ಬಲು ನಿಧಾನ. ಕೆಳಗೆ ಬಸಿದುಹೋಗಲು ಹಾದಿಯಿಲ್ಲದೆ ತಗ್ಗಿನ ಹೊಲಗಳಲ್ಲಿ ಅಂತರ್ಜಲ ಮೇಲೇರುತ್ತದೆ. ಆಳದಲ್ಲಿ ಮಲಗಿದ್ದ ಉಪ್ಪನ್ನೂ ಎತ್ತಿ ತರುತ್ತದೆ. ಬೇಸಿಗೆಯಲ್ಲಿ ನೀರು ಆರಿ ಉಪ್ಪು ಮೇಲೆ ಉಳಿಯುತ್ತದೆ. ನಮ್ಮ ದೊಡ್ಡಪ್ಪನ ತಗ್ಗಿನ ಹೊಲ ಊರಿನ ಹೆಸರಾಂತ ಜ್ವಾಳದ ಹೊಲವಾಗಿತ್ತು. ಕಾಲುವೆ ಬಂದ ಹದಿನೈದು ವರ್ಷದೊಳಗೆ ಅದರ ಅರ್ಧಭಾಗ ಸವುಳಾಯಿತು. ಒಂದು ಮೂಲೆಯಲ್ಲಿ ಬಿಳಿ ಪುಡಿ, ಇನ್ನೊಂದು ಮೂಲೆಯಲ್ಲಿ ಆಪು ಹುಲ್ಲು. ಸೋಡಿಯಂ ಹೆಚ್ಚಾದ ಕಡೆ ಜೇಡಿ ಕಣ ಕಣವಾಗಿ ಬಿಡಿಸಿಕೊಂಡು, ಒಣಗಿದಾಗ ಕಲ್ಲಾಗುತ್ತದೆ. ಜಿಪ್ಸಂ ಹಾಕಿ, ಬಸಿಗಾಲುವೆ ತೆಗೆದು, ನೆಲದಡಿ ತೂತಿನ ಪೈಪು ಹೂತು ಸರಿಪಡಿಸಬಹುದು. ಆದರೆ ಬಸಿದ ನೀರು ಕೆಳಗಿನವನ ಹೊಲಕ್ಕೆ ಹೋಗುತ್ತದೆ. ಎಲ್ಲರೂ ಒಪ್ಪಿ ಒಟ್ಟಿಗೆ ಮಾಡಬೇಕಾದ ಕೆಲಸ ಅದು. ಒಬ್ಬನ ಕೈಯಲ್ಲಿ ಆಗುವಂಥದ್ದಲ್ಲ. ಕಾಲುವೆಯ ತುದಿಯ ಊರುಗಳಿಗೆ ನೀರೇ ಮುಟ್ಟಲಿಲ್ಲ. ತಲೆಯ ಊರುಗಳಿಗೆ ಹೆಚ್ಚಾಯಿತು. ಮೇಲೂ ಕೆಳಗೂ ಹೊಲ ಅದೇ ಎರಿ.

ಈಗ ಹೊಲ ನೋಡಿಕೊಳ್ಳುವವನು ಅಣ್ಣನ ಮಗ. ಅವನ ಲೆಕ್ಕ ಬೇರೆ. ಜೂನಿನಲ್ಲಿ ಹೆಸರು ಬಿತ್ತುತ್ತಾನೆ, ಆಗಸ್ಟ್ ಕೊನೆಗೆ ಕೀಳುತ್ತಾನೆ, ಚಿತ್ತಿ ಮಳೆಯ ಹದಕ್ಕೆ ಕಡಲೆ ಹಾಕುತ್ತಾನೆ. ಅಪ್ಪ ಖಾಲಿ ಬಿಡುತ್ತಿದ್ದ ಹೊಲದಲ್ಲಿ ಎರಡು ಫಸಲು. ಎರಡೂ ದ್ವಿದಳ, ಗಾಳಿಯ ಸಾರಜನಕವನ್ನು ಬೇರಿಗೆ ಕಟ್ಟುವಂಥವು. ಅಣ್ಣಿಗೇರಿ ಕೃಷಿ ಸಂಶೋಧನಾ ಕೇಂದ್ರದ ಹೆಸರು ಹೊತ್ತ ಕಡಲೆ ತಳಿ ದೇಶದಲ್ಲೆಲ್ಲ ಗೊತ್ತಿರುವಂಥದ್ದು. ಅಪ್ಪನಿಗಿಂತ ಅವನು ಹೆಚ್ಚು ದುಡಿಯುತ್ತಾನೆ, ಹೆಚ್ಚು ಗಳಿಸುತ್ತಾನೆ, ಅವನ ಮಕ್ಕಳು ಹುಬ್ಬಳ್ಳಿಯಲ್ಲಿ ಓದುತ್ತಿದ್ದಾರೆ. ಇದರಲ್ಲಿ ದೂರುವಂಥದ್ದು ಏನೂ ಇಲ್ಲ.

ಜ್ವಾಳ ಯಾಕೆ ಬಿಟ್ಟೆ ಎಂದು ಕೇಳಿದರೆ ಅವನ ಉತ್ತರ ನೇರ: 'ಕಾಕಾ, ಕೊಯ್ಯಾಕ ಆಳು ಯಾರದಾರ? ದಂಟು ಕಿತ್ತು, ತೆನಿ ಮುರದು, ರಾಶಿ ಮಾಡೂತನಕ ಕಡ್ಲಿ ಮಷಿನ್ಯಾಗ ಹಾದು ಮಾರ್ಕೆಟ್ಟಿಗೆ ಹೋಗಿರತೈತಿ.' ಮಾತು ನಿಜ. ಆದರೆ ಜ್ವಾಳ ಹೋದಾಗ ಕಣಕಿ ಹೋಯಿತು. ಕಣಕಿ ಹೋದಾಗ ಎತ್ತು ಹೋದವು. ಟ್ರ್ಯಾಕ್ಟರ್ ಬಾಗಿಲಲ್ಲೇ ಇದ್ದುದರಿಂದ ಹೋದದ್ದು ಗೊತ್ತಾಗಲಿಲ್ಲ. ಎತ್ತು ಹೋದಾಗ ತಿಪ್ಪೆ ಕರಗಿತು. ಎರಿಯಲ್ಲಿ ಮೊದಲೇ ಕಡಿಮೆ ಇದ್ದದ್ದು ಸಾವಯವ ಅಂಶ. ಬಿಸಿಲ ನಾಡಿನಲ್ಲಿ ಅದು ಉಳಿಯುವುದೂ ಕಷ್ಟ. ಪ್ರತಿವರ್ಷ ಆಳವಾಗಿ ತಿರುವಿ ಹಾಕಿದರೆ ಇನ್ನೂ ಬೇಗ ಸುಟ್ಟುಹೋಗುತ್ತದೆ. ಅವನ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲದ ಎದುರು 'ಕಡಿಮೆ' ಎಂದೇ ಬರೆದಿದೆ. ಪಕ್ಕದ ಹೊಲದವನದೂ ಹಾಗೆಯೇ.

ಇದರ ಪರಿಣಾಮ ಕಣ್ಣಿಗೆ ಕಾಣುತ್ತದೆ. ಟ್ರ್ಯಾಕ್ಟರಿಗೆ ಹದ ಕಾಯುವ ಪುರುಸೊತ್ತಿಲ್ಲ, ಬಾಡಿಗೆಯದಾದರಂತೂ ಅದು ಬಂದಾಗಲೇ ಹದ. ಹಸಿ ಎರಿಯ ಮೇಲೆ ಭಾರದ ಗಾಲಿ ಹಾದುಹೋದರೆ ಕೆಳಗಿನ ಮಣ್ಣು ಒತ್ತಿ ಗಟ್ಟಿಯಾಗುತ್ತದೆ. ಮೇಲೆ ಹೆಂಟೆ, ಹೆಂಟೆ ಒಡೆಯಲು ರೋಟವೇಟರ್, ಅದರಿಂದ ಹಿಟ್ಟಾದ ಮಣ್ಣು ಮುಂದಿನ ಜೋರು ಮಳೆಗೆ ಹಳ್ಳಕ್ಕೆ. ಒಡ್ಡುಗಳನ್ನು ಟ್ರ್ಯಾಕ್ಟರ್ ತಿರುಗಿಸಲು ಅಡ್ಡಿಯೆಂದು ಕಿತ್ತವರಿದ್ದಾರೆ. ಎರಿಯಲ್ಲಿ ಒಡ್ಡು ಹಾಕುವುದೂ ಸುಲಭದ್ದಲ್ಲ ಎನ್ನಬೇಕು. ಸಮಪಾತಳಿಯ ದೊಡ್ಡ ಒಡ್ಡು ಹಾಕಿದರೆ ನೀರು ನಿಂತು ಬೆಳೆ ಕೊಳೆಯುತ್ತದೆ, ಬೇಸಿಗೆಯಲ್ಲಿ ಒಡ್ಡೇ ಸೀಳಿ ಮುಂದಿನ ಮಳೆಗೆ ಒಡೆಯುತ್ತದೆ. ಸಣ್ಣ ಇಳಿಜಾರು ಕೊಟ್ಟ ಒಡ್ಡು, ಜುಲೈ-ಆಗಸ್ಟಿನಲ್ಲಿ ಹೊಲವನ್ನು ಚೌಕುಮಡಿ ಮಾಡಿ ಬಿದ್ದ ಮಳೆಯನ್ನು ಬಿದ್ದಲ್ಲೇ ಇಂಗಿಸುವುದು, ಇವು ಇಲ್ಲಿಗೆ ಸರಿಹೊಂದುವ ದಾರಿಗಳು. ಹೆಚ್ಚಾದ ನೀರಿಗೆ ಕೃಷಿಹೊಂಡ.

ಮನೆ ಕಟ್ಟುವಲ್ಲಿ ಇದೇ ಕಥೆ. ಹಳೆಯ ಊರು ಕೂತದ್ದು ದಿಬ್ಬದ ಮೇಲೆ; ಎರಿಯ ಮೇಲೆ ಮನೆ ಕಟ್ಟುವ ಧೈರ್ಯ ಹಿಂದಿನವರು ಮಾಡಲಿಲ್ಲ. ಈಗ ರಸ್ತೆ ಪಕ್ಕದ ಎರಿ ಹೊಲಗಳೇ ಪ್ಲಾಟುಗಳು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ; ಮಳೆಗಾಲದಲ್ಲಿ ಬಾಗಿಲು ಬಿಗಿಯುತ್ತದೆ, ಬೇಸಿಗೆಯಲ್ಲಿ ಸಡಿಲಾಗುತ್ತದೆ. ರಸ್ತೆ ಅಲೆಯಾಗುತ್ತದೆ, ಕರೆಂಟು ಕಂಬ ವಾಲುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಬುಡದಲ್ಲಿ ಉಬ್ಬಿರುವ ಆಳದ ಕಂಬಗಳ ಅಡಿಪಾಯ ರೂಪಿಸಿ ದಶಕಗಳಾದವು. ಮಣ್ಣು ಮೇಲೆ ಎಷ್ಟೇ ಉಬ್ಬಿದರೂ ಕಂಬದ ಬುಡ ತೇವ ಬದಲಾಗದ ಆಳದಲ್ಲಿ ಊರಿಕೊಂಡಿರುತ್ತದೆ. ನಮ್ಮ ಕಡೆಯ ಮೇಸ್ತ್ರಿಗಳಲ್ಲಿ ಅದನ್ನು ಮಾಡುವವರು ಕಡಿಮೆ. ಮಾಡಿಸುವವರು ಇನ್ನೂ ಕಡಿಮೆ. ಬಿರುಕಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಗೃಹಪ್ರವೇಶದ ಫೋಟೋಕ್ಕೆ ಸಾಕಾಗುತ್ತದೆ.

ಅಣ್ಣನ ಮಗ ಕೃಷಿಹೊಂಡ ತೋಡಿಸಿದಾಗ ನಾನು ಊರಲ್ಲಿದ್ದೆ. 2014ರ ಬಳಿಕ ಸರ್ಕಾರದ ಕೃಷಿಭಾಗ್ಯ ಯೋಜನೆಯಲ್ಲಿ ಇಂಥ ಹೊಂಡ ಬಹಳ ಆದವು. ಜೆಸಿಬಿ ಒಂದಾಳು ಆಳ ಅಗೆದು ನಿಂತಾಗ ಒಳಗಿಳಿದು ಗೋಡೆ ನೋಡಿದೆ. ಮೇಲೆ ನುಚ್ಚಿನಂತೆ ಉದುರುವ ಪುಡಿ ಮಣ್ಣು. ಕೆಳಗೆ ಗಟ್ಟಿ ಹೆಂಟೆಗಳು, ಅವುಗಳ ಒಂದು ಮೈ ಓರೆಯಾಗಿ, ನುಣ್ಣಗೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಬೆರಳಾಡಿಸಿದರೆ ಉದ್ದುದ್ದ ಗೀರು ಕೈಗೆ ಹತ್ತುತ್ತಿತ್ತು. ಉಬ್ಬಿದ ಮಣ್ಣಿನ ಗಡ್ಡೆಗಳು ಒಂದನ್ನೊಂದು ನೂಕಿ, ತಿಕ್ಕಿ, ಜಾರಿದ ಗುರುತು ಅದು. ಅದರ ಕೆಳಗೆ ಸುಣ್ಣದ ಹರಳಿನ ಚುಕ್ಕೆಗಳು. ಜೀವಮಾನವಿಡೀ ಮೇಲೆ ನಡೆದಾಡಿದ ಅಪ್ಪ ಇದನ್ನು ನೋಡಿರಲಿಕ್ಕಿಲ್ಲ. ಅಷ್ಟು ಆಳಕ್ಕೆ ಎರಿ ಅಗೆಯುವ ಕೆಲಸ ಆಗ ಬರುತ್ತಿರಲಿಲ್ಲ. ಹೊಂಡಕ್ಕೆ ಪ್ಲಾಸ್ಟಿಕ್ ಹಾಸು ಬೇಕೇ ಎಂದು ಚರ್ಚೆಯಾಯಿತು. ಆಳದ ಎರಿಗೆ ಬೇಡ. ತೊಯ್ದು ಉಬ್ಬಿದ ಜೇಡಿ ತಾನೇ ಸಂದು ಮುಚ್ಚಿಕೊಳ್ಳುತ್ತದೆ. ಬೇಕಾದದ್ದು ದಂಡೆ ಕುಸಿಯದಂತೆ ಸಾಕಷ್ಟು ಇಳಿಜಾರು.

ಹವೆಯೂ ಆಗಿನ ಹಾಗೆ ನಡೆಯುತ್ತಿಲ್ಲ. ಮಳೆ ಬಂದರೆ ಒಮ್ಮೆಲೆ ಬರುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ಮೂರು ನಾಲ್ಕು ದಿನದ ಮಳೆ ಉತ್ತರ ಕರ್ನಾಟಕವನ್ನೇ ಮುಳುಗಿಸಿತು. ಬೆಣ್ಣೆಹಳ್ಳ, ಮಲಪ್ರಭೆ ಎರಡೂ ದಂಡೆ ಮೀರಿದವು. 2019ರ ಆಗಸ್ಟಿನಲ್ಲಿ ಮತ್ತೆ ಹಾಗೆಯೇ ಆಯಿತು. ಎರಿಗೆ ಇಂಥ ಮಳೆ ಕೆಲಸಕ್ಕೆ ಬಾರದ್ದು. ತಣಿದ ಮೇಲೆ ಬಿದ್ದ ನೀರೆಲ್ಲ ಮೇಲೆಯೇ ಹರಿಯುತ್ತದೆ, ಮಣ್ಣನ್ನೂ ಒಯ್ಯುತ್ತದೆ. ಅದೇ ನೀರು ಎಂಟು ಸಲ ಹಂಚಿ ಬಿದ್ದಿದ್ದರೆ ವರ್ಷದ ಜ್ವಾಳವಾಗುತ್ತಿತ್ತು.

ಅಂದು, ಇಂದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನನಗೆ ಅನಿಸುವುದಿಷ್ಟು. ರಸ್ತೆ ಬಂದದ್ದು, ನಲ್ಲಿ ಬಂದದ್ದು, ಎರಡು ಬೆಳೆ ಬಂದದ್ದು ಒಳ್ಳೆಯದಾಯಿತು; ಹಿಂದಕ್ಕೆ ಹೋಗಬೇಕೆಂದು ಬಯಸುವವರು ಆ ದಿನಗಳನ್ನು ಕಂಡಿಲ್ಲ. ಮಣ್ಣಿನ ಸ್ವಭಾವ ಮಾತ್ರ ಎಳ್ಳಷ್ಟೂ ಬದಲಾಗಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿದು ಮಾಡಿದ ಕೆಲಸ ಉಳಿದಿದೆ, ಹಿಡಿಯದೆ ಮಾಡಿದ್ದು ಕಾಲುವೆಯಿರಲಿ, ಮನೆಯಿರಲಿ, ಉಳುಮೆಯಿರಲಿ, ಸೀಳಿದೆ. ನಮ್ಮ ತಲೆಮಾರು ಕಳೆದದ್ದು ಒಂದೇ: ಹೊಲಕ್ಕೆ ಹಿಂತಿರುಗುತ್ತಿದ್ದ ಗೊಬ್ಬರ.

ಎರಿ ಹೊಲ ಇರುವವರಿಗೆ ನಾಲ್ಕು ಮಾತು ಹೇಳುತ್ತೇನೆ. ಹೊಲದ ನಾಲ್ಕನೆಯ ಒಂದು ಪಾಲಿಗಾದರೂ ಸರದಿಯ ಮೇಲೆ ಜ್ವಾಳ ಹಾಕಿ; ಎರಡು ದನ ಸಾಕುವಷ್ಟು ಕಣಕಿ ಸಿಗುತ್ತದೆ. ಕಡಲೆಯ ಹೊಟ್ಟು, ಹತ್ತಿ ಕಟ್ಟಿಗೆಯನ್ನು ಬದುವಿನಲ್ಲಿ ಸುಡಬೇಡಿ, ಪುಡಿ ಮಾಡಿ ಮಣ್ಣಿಗೇ ಸೇರಿಸಿ. ಕಾಲುವೆಯ ನೀರು ಸಿಕ್ಕಿತೆಂದು ಹಾಯಿಸಬೇಡಿ, ಬೆಳೆ ಕೇಳಿದಾಗ ಹಾಯಿಸಿ. ಬಸಿಗಾಲುವೆ ಮೊದಲು, ನೀರು ಆಮೇಲೆ. ಹಸಿ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಬೇಡಿ. ಬಾಡಿಗೆಯವನು ಎರಡು ದಿನ ತಡವಾಗಿ ಬಂದು ಹೆಂಟೆ ಎದ್ದರೂ ನಡೆಯುತ್ತದೆ, ಒತ್ತಿಹೋದ ಮಣ್ಣು ಸಡಿಲಾಗಲು ವರ್ಷಗಳು ಬೇಕು.